ಓವರ್‌ಗಳ ನಡುವಿನ ಖಾಲಿ ಹೊತ್ತು ಯಾರ ಸೊತ್ತು?

ಭಾರತದ ಏಕದಿನ ಪಂದ್ಯ ಇರುವ ದಿನ ಸಿರಾ ಕಡೆಯ ಹಳ್ಳಿಯಲ್ಲಿ ದೂರದರ್ಶನದ ಪುಕ್ಕಟೆ ಡಿಟಿಎಚ್ ಆದ ಫ್ರೀ ಡಿಶ್ ಹಾಕಿಸಿಕೊಂಡವರ ಮನೆಯಲ್ಲಿ ಡಿಡಿ ಸ್ಪೋರ್ಟ್ಸ್ ಒತ್ತಿದರೆ ಪಂದ್ಯ ಬರುತ್ತದೆ. ತಿಂಗಳ ಬಾಡಿಗೆ ಇಲ್ಲ, ಪ್ಯಾಕ್ ಇಲ್ಲ. ಅದೇ ಹೊತ್ತಿಗೆ ತುಮಕೂರು ಪಟ್ಟಣದಲ್ಲಿ ತಿಂಗಳು ತಪ್ಪದೆ ಕೇಬಲ್ ದುಡ್ಡು ಕಟ್ಟುವವರ ಮನೆಯಲ್ಲಿ ಅದೇ ಚಾನೆಲ್ ಒತ್ತಿದರೆ ಬೇರೆ ಯಾವುದೋ ಆಟ ಓಡುತ್ತಿರುತ್ತದೆ. ದುಡ್ಡು ಕೊಟ್ಟವರಿಗೆ ಇಲ್ಲ, ಕೊಡದವರಿಗೆ ಇದೆ. ಬೈಸಿಕೊಳ್ಳುವುದು ಕೇಬಲ್‌ನವರು, ಅವರದೇನೂ ತಪ್ಪಿಲ್ಲದಿದ್ದರೂ.

ಇದರ ಮೇಲೆ ಕಳೆದ ಎರಡು ಮೂರು ವರ್ಷದ ಸುದ್ದಿಗಳು ಸೇರಿಕೊಂಡಿವೆ. 2023 ಮತ್ತು 2024ರಲ್ಲಿ ಐಪಿಎಲ್ ಫೋನಿನಲ್ಲಿ ಪುಕ್ಕಟೆಯಾಗಿತ್ತು. 2025ರಲ್ಲಿ ಕೆಲವು ನಿಮಿಷ ತೋರಿಸಿ ಹಣ ಕಟ್ಟಿ ಎಂದಿತು. ಅದೇ ವರ್ಷದ ಆಗಸ್ಟಿನಲ್ಲಿ ಭಾರತ ತಂಡದ ಅಂಗಿಯ ಮೇಲಿದ್ದ ಪ್ರಾಯೋಜಕರ ಹೆಸರೇ ಮಾಯವಾಯಿತು. ಡಿಸೆಂಬರಿನಲ್ಲಿ ಐಸಿಸಿ ಪಂದ್ಯಗಳ ಒಪ್ಪಂದದಿಂದ ಪ್ರಸಾರದ ಹಕ್ಕುದಾರ ಕಂಪನಿ ಜಿಯೋಸ್ಟಾರ್ ಹೊರಗೆ ಹೋಗುತ್ತದಂತೆ ಎಂಬ ವರದಿ ಬಂತು. ಬೆನ್ನಿಗೇ, ಒಪ್ಪಂದ ಹಾಗೇ ಇದೆ ಎಂದು ಎರಡೂ ಕಡೆಯವರ ಜಂಟಿ ಹೇಳಿಕೆಯೂ ಬಂತು.

ಬಿಡಿಬಿಡಿಯಾಗಿ ಓದಿದರೆ ಇವಕ್ಕೆ ಒಂದಕ್ಕೊಂದು ಸಂಬಂಧ ಕಾಣುವುದಿಲ್ಲ. ಆದರೆ ಜಗಳವೆಲ್ಲ ಒಂದೇ ವಸ್ತುವಿನದು: ಚೆಂಡು ಆಟದಲ್ಲಿ ಇಲ್ಲದ ಹೊತ್ತು. ಟಾಸ್‌ಗೆ ಮುಂಚಿನ ಮಾತು, ಎರಡು ಓವರ್ ನಡುವಿನ ನಿಮಿಷ, ಇನಿಂಗ್ಸ್ ಬಿಡುವು, ಪಂದ್ಯ ಮುಗಿದ ಮೇಲಿನ ಚರ್ಚೆ. ಚೆಂಡು ಓಡುವಾಗ ಚಾನೆಲ್‌ಗೆ ಹೆಚ್ಚಿಗೇನೂ ಹುಟ್ಟುವುದಿಲ್ಲ, ಅದರ ಜಾಹೀರಾತು ದುಡಿಮೆ ಬಹುಪಾಲು ಈ ಖಾಲಿ ಹೊತ್ತಿನಲ್ಲೇ. ಕ್ರಿಕೆಟ್ ಟಾಕ್ ಶೋ ಹುಟ್ಟಿದ್ದು, ಬೆಳೆದದ್ದು, ಈಗ ಒಣಗುತ್ತಿರುವುದು ಎಲ್ಲವೂ ಆ ಹೊತ್ತನ್ನು ಮಾರುವ ಹಕ್ಕು ಯಾರ ಕೈಯಲ್ಲಿದೆ ಎಂಬುದರ ಮೇಲೆ ನಿಂತಿದೆ.

ಜಾಹೀರಾತು ತೆಗೆದು ಕೊಡುವ ಸಿಗ್ನಲ್

1990ರ ದಶಕದ ಆರಂಭದವರೆಗೆ ನಮ್ಮಲ್ಲಿ ಕ್ರಿಕೆಟ್ ತೋರಿಸುವುದೆಂದರೆ ದೂರದರ್ಶನ, ಅಷ್ಟೇ. 1993ರ ಹೀರೋ ಕಪ್ ಪ್ರಸಾರದ ಹಕ್ಕನ್ನು ಬಂಗಾಳ ಕ್ರಿಕೆಟ್ ಸಂಸ್ಥೆ ವಿದೇಶಿ ಕಂಪನಿಗೆ ಕೊಟ್ಟದ್ದರಿಂದ ಎದ್ದ ವ್ಯಾಜ್ಯ ಸುಪ್ರೀಂ ಕೋರ್ಟ್ ಮುಟ್ಟಿತು. ಪ್ರಸಾರದ ತರಂಗಗಳು ಸಾರ್ವಜನಿಕ ಸೊತ್ತು, ಸರ್ಕಾರ ಒಂಟಿಯಾಗಿ ಹಿಡಿದಿಟ್ಟುಕೊಳ್ಳುವಂಥದ್ದಲ್ಲ ಎಂದು 1995ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಅಲ್ಲಿಂದ ಮುಂದೆ ಪಂದ್ಯ ಹರಾಜಿನ ಸರಕಾಯಿತು.

ಹೆಚ್ಚು ಕೂಗಿದವರಿಗೆ ಹಕ್ಕು ಸಿಕ್ಕಿದರೆ ಡಿಶ್ಶೂ ಕೇಬಲ್ಲೂ ಇಲ್ಲದ ಮನೆಗಳ ಗತಿಯೇನು? ಈ ಪ್ರಶ್ನೆ ಸ್ಫೋಟಿಸಿದ್ದು 2007ರ ಜನವರಿಯಲ್ಲಿ, ವೆಸ್ಟ್ ಇಂಡೀಸ್ ತಂಡ ಏಕದಿನ ಸರಣಿಗೆ ಇಲ್ಲಿಗೆ ಬಂದಾಗ. ಹಕ್ಕು ಪಡೆದಿದ್ದ ನಿಂಬಸ್ ಕಂಪನಿ ದೂರದರ್ಶನಕ್ಕೆ ನೇರ ಸಿಗ್ನಲ್ ಕೊಡಲು ಒಪ್ಪಲಿಲ್ಲ. ಏಳು ನಿಮಿಷ ತಡವಾಗಿ ತೋರಿಸಿಕೊಳ್ಳಿ ಎಂದು ದೆಹಲಿ ಹೈಕೋರ್ಟ್ ಮಧ್ಯದ ದಾರಿ ಹುಡುಕಿತು. ಏಳು ನಿಮಿಷವೆಂದರೆ ಹೆಚ್ಚುಕಡಿಮೆ ಒಂದೂವರೆ ಓವರು. ಪಕ್ಕದ ಮನೆಯಲ್ಲಿ ವಿಕೆಟ್ ಬಿದ್ದ ಗಲಾಟೆ ಕೇಳಿಸಿ ಎಷ್ಟೋ ಹೊತ್ತಾದ ಮೇಲೆ ನಿಮ್ಮ ಟಿವಿಯಲ್ಲಿ ಬೌಲರ್ ಓಡಿ ಬರುತ್ತಾನೆ. ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು, ಅದನ್ನೇ ಕಾಯಿದೆ ಮಾಡಿತು.

ಕಾಯಿದೆಯ ತಿರುಳು ಇಷ್ಟು. ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಪಟ್ಟಿ ಮಾಡಿದ ಪಂದ್ಯಗಳ ನೇರ ಸಿಗ್ನಲ್ಲನ್ನು ಹಕ್ಕುದಾರ ಚಾನೆಲ್ ದೂರದರ್ಶನ ನಡೆಸುವ ಪ್ರಸಾರ ಭಾರತಿಗೆ ಆ ಕ್ಷಣಕ್ಕೇ ಕೊಡಬೇಕು, ತನ್ನ ಜಾಹೀರಾತುಗಳನ್ನು ತೆಗೆದು ಕೊಡಬೇಕು. ಆ ಪ್ರಸಾರದಿಂದ ದೂರದರ್ಶನಕ್ಕೆ ಬಂದ ಜಾಹೀರಾತು ಹಣದಲ್ಲಿ ನೂರಕ್ಕೆ ಕನಿಷ್ಠ 75 ಪಾಲು ಹಕ್ಕುದಾರನಿಗೆ, ಉಳಿದ 25 ಪ್ರಸಾರ ಭಾರತಿಗೆ. ರೇಡಿಯೋಗಾದರೆ ಅರ್ಧಕ್ಕರ್ಧ.

ಜಾಹೀರಾತು ತೆಗೆದ ಸಿಗ್ನಲ್ ಎಂದರೆ ಅಲ್ಲಲ್ಲಿ ತೂತು ಬಿದ್ದ ಸಿಗ್ನಲ್. ಆ ತೂತುಗಳನ್ನು ದೂರದರ್ಶನವೇ ತುಂಬಿಕೊಳ್ಳಬೇಕು. ಕಾಯಿದೆಗೂ ಮುಂಚಿನಿಂದ ಅದು ನಡೆಸುತ್ತಿದ್ದ ‘ಫೋರ್ತ್ ಅಂಪೈರ್’ ಇದ್ದದ್ದು ಇದಕ್ಕೇ. ಒಬ್ಬ ನಿರೂಪಕ, ಇಬ್ಬರು ಮೂವರು ಮಾಜಿ ಆಟಗಾರರು, ಹಿಂದಿ ಇಂಗ್ಲಿಷ್ ಕಲಸಿದ ಮಾತು. ಅಲಂಕಾರ ಕಡಿಮೆ, ಜಾಹೀರಾತು ಜಾಸ್ತಿ.

ಕೇಬಲ್‌ನಲ್ಲಿ ಮಾತ್ರ ಯಾಕಿಲ್ಲ?

ಕೇಬಲ್ ಕಾಯಿದೆಯ 8ನೇ ಕಲಮಿನ ಪ್ರಕಾರ ದೂರದರ್ಶನದ ಕೆಲವು ಚಾನೆಲ್‌ಗಳನ್ನು ಪ್ರತಿ ಕೇಬಲ್‌ನವರೂ ಕಡ್ಡಾಯವಾಗಿ, ಏನೂ ಬದಲಿಸದೆ ತೋರಿಸಬೇಕು. ಇದಕ್ಕೆ 2007ರ ಕಾಯಿದೆ ಸೇರಿದಾಗ, ಹಕ್ಕುದಾರ ಚಾನೆಲ್‌ಗೆ ದುಡ್ಡು ಕಟ್ಟದ ಕೇಬಲ್ ಗಿರಾಕಿಯೂ ಪಂದ್ಯವನ್ನು ದೂರದರ್ಶನದಲ್ಲಿ ನೋಡತೊಡಗಿದ. ಹಕ್ಕುದಾರರ ತಕರಾರು ಇಲ್ಲಿಂದಲೇ ಶುರು. ಕೇಬಲ್ಲೂ ಡಿಟಿಎಚ್ಚೂ ಇಲ್ಲದವರಿಗಾಗಿ ನಾವು ಸಿಗ್ನಲ್ ಕೊಟ್ಟರೆ, ಅದು ನಮ್ಮ ಗಿರಾಕಿಗಳ ಮನೆಗೇ ಹೋಗಿ ಕೂರುತ್ತಿದೆ ಎಂದು ಅವರು ವಾದಿಸಿದರು.

ದೆಹಲಿ ಹೈಕೋರ್ಟ್ 2015ರಲ್ಲಿ, ಸುಪ್ರೀಂ ಕೋರ್ಟ್ 2017ರ ಆಗಸ್ಟ್ 22ರಂದು ಈ ವಾದವನ್ನು ಒಪ್ಪಿದವು. ಹಂಚಿಕೊಂಡ ಸಿಗ್ನಲ್ಲನ್ನು ಪ್ರಸಾರ ಭಾರತಿ ತನ್ನ ಟವರು ಮತ್ತು ತನ್ನ ಡಿಟಿಎಚ್‌ನಲ್ಲಿ ಮಾತ್ರ ಬಳಸಬಹುದು, ಖಾಸಗಿ ಕೇಬಲ್ ಮತ್ತು ಡಿಟಿಎಚ್‌ಗೆ ದಾಟಿಸುವಂತಿಲ್ಲ. ಹೀಗಾಗಿ ದೂರದರ್ಶನ ಫ್ರೀ ಡಿಶ್‌ಗೆ ಒಂದು ಫೀಡ್, ಕೇಬಲ್‌ಗೆ ಇನ್ನೊಂದು ಫೀಡ್ ಕಳಿಸುತ್ತದೆ. ಚಾನೆಲ್ ಹೆಸರು ಒಂದೇ, ಒಳಗೆ ಬರುವುದು ಬೇರೆ. ಛಾವಣಿ ಮೇಲಿನ ಹಳೇ ಆಂಟೆನಾಕ್ಕೆ ಸಿಗ್ನಲ್ ಕೊಡುತ್ತಿದ್ದ ಅನಲಾಗ್ ಟವರುಗಳನ್ನೂ ದೂರದರ್ಶನ ಬಹುಪಾಲು ಮುಚ್ಚಿರುವುದರಿಂದ ಬಹುತೇಕರಿಗೆ ಪುಕ್ಕಟೆ ದಾರಿ ಅಂತ ಉಳಿದಿರುವುದು ಫ್ರೀ ಡಿಶ್ ಒಂದೇ.

ಕೇಬಲ್ ಮತ್ತು ಖಾಸಗಿ ಡಿಟಿಎಚ್‌ಗೂ ಅವಕಾಶ ಕೊಡುವ ತಿದ್ದುಪಡಿ ಕರಡನ್ನು ಸರ್ಕಾರ 2018ರಲ್ಲಿ ಅಭಿಪ್ರಾಯಕ್ಕೆ ಬಿಟ್ಟಿತ್ತು. ಅದು ಕಾಯಿದೆಯಾಗಲಿಲ್ಲ. ಕೋಟಿಗಟ್ಟಲೆ ಸುರಿದ ಚಾನೆಲ್‌ನವರ ವಾದ ಕಾನೂನಿನ ಕಣ್ಣಿಗೆ ಸರಿಯೇ. ಆದರೆ ಫಲ ವಿಚಿತ್ರವಾಗಿದೆ. ಡಿಶ್ ಕೊಳ್ಳಲಾಗದವರನ್ನು ಕಾಯಬೇಕಾದ ಕಾಯಿದೆ ಈಗ ಕೇಬಲ್ ಬಿಟ್ಟು ಡಿಶ್ ಹಾಕಿಸಿಕೊಂಡವರನ್ನು ಕಾಯುತ್ತಿದೆ.

ದೂರದರ್ಶನದ ಮಾತುಕತೆಗೆ ಪೆಟ್ಟು ಬಿದ್ದದ್ದೂ ಇಲ್ಲಿಯೇ. ನೋಡುವ ಮನೆಗಳು ಫ್ರೀ ಡಿಶ್‌ಗೆ ಸೀಮಿತವಾದರೆ ಹತ್ತು ಸೆಕೆಂಡಿನ ಜಾಹೀರಾತಿನ ದರ ಇಳಿಯುತ್ತದೆ. ಇಳಿದ ದರದಲ್ಲೂ ಮುಕ್ಕಾಲು ಪಾಲು ಹಕ್ಕುದಾರನಿಗೆ. ಉಳಿದ ಕಾಲು ಪಾಲಿನಲ್ಲಿ ಒಳ್ಳೆಯ ಸ್ಟುಡಿಯೋ ಕಾರ್ಯಕ್ರಮ ಕಟ್ಟುವುದು ಕಷ್ಟ. ಅದೂ ಕನ್ನಡದಲ್ಲಿ ಎಂದರೆ ಇನ್ನೂ ಕಷ್ಟ.

ಮಾತೇ ಸರಕಾದಾಗ

2003ರ ವಿಶ್ವಕಪ್ ಹಕ್ಕು ಸೋನಿಯ ಕೈಯಲ್ಲಿತ್ತು, ಪಂದ್ಯ ಬಂದದ್ದು ಅದರ ಸಿನಿಮಾ ಚಾನೆಲ್ ಮ್ಯಾಕ್ಸ್‌ನಲ್ಲಿ. ಆ ಚಾನೆಲ್‌ನ ವೀಕ್ಷಕರಲ್ಲಿ ಬಹಳ ಮಂದಿಗೆ ಕ್ರಿಕೆಟ್‌ನ ಒಳಹೊರಗು ಬೇಕಿರಲಿಲ್ಲ. ಅವರನ್ನೂ ಪಂದ್ಯದ ಮುಂದೆ ಕೂರಿಸಬೇಕಿತ್ತು. ‘ಎಕ್ಸ್‌ಟ್ರಾ ಇನಿಂಗ್ಸ್’ ಕಾರ್ಯಕ್ರಮದಲ್ಲಿ ನಟಿ ಮಂದಿರಾ ಬೇಡಿ ಅವರನ್ನು ತಂದು ಮಾಜಿ ಆಟಗಾರರ ಪಕ್ಕ ಕೂರಿಸಿದ್ದರ ಹಿಂದೆ ಇದ್ದದ್ದು ಈ ಲೆಕ್ಕ. ಅವರ ಸೀರೆಯ ಬಗ್ಗೆ ಪತ್ರಿಕೆಗಳು ಬರೆದದ್ದೇ ಬರೆದದ್ದು. ಅವರು ಕೇಳುತ್ತಿದ್ದ ಸರಳ ಪ್ರಶ್ನೆಗಳನ್ನು ಆಟ ಗೊತ್ತಿಲ್ಲದವರೂ ಮನೆಯಲ್ಲಿ ಕೇಳಿಕೊಳ್ಳುತ್ತಿದ್ದರು ಎಂಬುದನ್ನು ಕಡಿಮೆ ಮಂದಿ ಗಮನಿಸಿದರು.

ಪಂದ್ಯದ ಚಿತ್ರ ಎಲ್ಲ ದೇಶಗಳಿಗೂ ಒಂದೇ ಕಡೆಯಿಂದ, ವರ್ಲ್ಡ್ ಫೀಡ್ ರೂಪದಲ್ಲಿ ಹೋಗುತ್ತದೆ. ಒಂದು ಚಾನೆಲ್ ತನ್ನದು ಎಂದು ಹೇಳಿಕೊಳ್ಳಬಹುದಾದದ್ದು ಅದರ ಸುತ್ತಲ ಮಾತನ್ನು ಮಾತ್ರ. ಸೋನಿ ಇದನ್ನು ಬೇಗ ಹಿಡಿಯಿತು. 2008ರಿಂದ 2017ರವರೆಗೆ ಐಪಿಎಲ್ ಕೂಡ ಅದರದೇ ಆದಾಗ ‘ಎಕ್ಸ್‌ಟ್ರಾ ಇನಿಂಗ್ಸ್ ಟಿ20’ ಸ್ಟುಡಿಯೋದಿಂದ ಮೈದಾನಕ್ಕೆ ಇಳಿಯಿತು, ಹಾಡು ಕುಣಿತ ಸೇರಿತು. ಆಟದ ವಿಶ್ಲೇಷಣೆ ತೆಳ್ಳಗಾದದ್ದೂ ನಿಜ. ಆದರೆ ಕಾರ್ಯಕ್ರಮದ ಹೆಸರಿನ ಹಿಂದೆ ಮುಂದೆ ಪ್ರಾಯೋಜಕರ ಹೆಸರು ಅಂಟಿಸಿ ಮಾರುವ ಪದ್ಧತಿ ಗಟ್ಟಿಯಾಯಿತು. ಸ್ಟಾರ್ ತನ್ನ ‘ಕ್ರಿಕೆಟ್ ಲೈವ್’ ಕಾರ್ಯಕ್ರಮದ ಮುಂದೆ ಆನ್‌ಲೈನ್ ಪಾಠದ ಕಂಪನಿ ಬೈಜೂಸ್ ಹೆಸರು ಸೇರಿಸಿದ್ದು ಇದರದೇ ಮುಂದುವರಿಕೆ. ಆ ಕಂಪನಿಯೇ ಆಮೇಲೆ ಸಾಲದಲ್ಲಿ ಮುಳುಗಿತು. ಒಬ್ಬನೇ ಪ್ರಾಯೋಜಕನ ಮೇಲೆ ಕಾರ್ಯಕ್ರಮ ನಿಲ್ಲಿಸುವ ಅಪಾಯ ಅಲ್ಲಿಯೇ ಕಂಡಿತ್ತು.

ಕನ್ನಡಕ್ಕೆ ಬಂದ ಸ್ಟುಡಿಯೋ

2018ರಿಂದ ಐದು ವರ್ಷಕ್ಕೆ ಐಪಿಎಲ್‌ಗೆ 16,347.5 ಕೋಟಿ ರೂಪಾಯಿ ಕೊಟ್ಟ ಸ್ಟಾರ್‌ಗೆ ಹಿಂದಿ ಇಂಗ್ಲಿಷ್ ವೀಕ್ಷಕರಷ್ಟೇ ಸಾಲುವಂತಿರಲಿಲ್ಲ. ಮೊದಲು ಸುವರ್ಣ ಪ್ಲಸ್‌ನಲ್ಲಿ ಕನ್ನಡ ಕಾಮೆಂಟರಿ ಬಂತು, 2018ರ ಕೊನೆಗೆ ಸ್ಟಾರ್ ಸ್ಪೋರ್ಟ್ಸ್ 1 ಕನ್ನಡ ಬೇರೆ ಚಾನೆಲ್ಲೇ ಆಯಿತು. ವಿಜಯ್ ಭಾರದ್ವಾಜ್ ಅವರಂಥ ರಾಜ್ಯದ ಮಾಜಿ ಆಟಗಾರರಿಗೆ ಕನ್ನಡದಲ್ಲೇ ಆಟ ಬಿಡಿಸಿ ಹೇಳುವ ಕುರ್ಚಿ ಸಿಕ್ಕಿತು.

ಆ ಕುರ್ಚಿಯ ಕೆಲಸ ಹೊರಗಿನಿಂದ ಕಾಣುವಷ್ಟು ಸಲೀಸಲ್ಲ. ಪ್ರಾದೇಶಿಕ ಭಾಷೆಯ ತಂಡ ಸಾಮಾನ್ಯವಾಗಿ ಮೈದಾನದಲ್ಲಿ ಇರುವುದಿಲ್ಲ. ಮುಂಬೈನ ಸ್ಟುಡಿಯೋದಲ್ಲಿ ಮಾನಿಟರ್ ನೋಡಿಕೊಂಡೇ ಮಾತಾಡುತ್ತದೆ. ಕ್ಯಾಮೆರಾ ತೋರಿಸದ ಫೀಲ್ಡರ್ ಎಲ್ಲಿ ನಿಂತಿದ್ದಾನೆ ಎಂದು ಅವರಿಗೂ ಗೊತ್ತಾಗುವುದಿಲ್ಲ. ಕಿವಿಯ ಟಾಕ್‌ಬ್ಯಾಕ್‌ನಲ್ಲಿ ನಿರ್ದೇಶಕ ಜಾಹೀರಾತಿಗೆ ಹತ್ತರಿಂದ ಕೆಳಕ್ಕೆ ಎಣಿಸುತ್ತಿರುತ್ತಾರೆ, ಬಾಯಿ ಮಾತಾಡುತ್ತಲೇ ಇರಬೇಕು. ಎಣಿಕೆ ಸೊನ್ನೆಗೆ ಬಂದಾಗ ವಾಕ್ಯ ಮುಗಿಯದಿದ್ದರೆ ಮಾತು ಅರ್ಧಕ್ಕೆ ತುಂಡಾಗಿ ಸಿಮೆಂಟಿನ ಜಾಹೀರಾತು ಬರುತ್ತದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ತುಂಡಾದ ಮಾತಿನಲ್ಲಿ ಬ್ಯಾಟ್ಸ್‌ಮನ್ ಏನು ಮಾಡಬೇಕಿತ್ತು ಎಂಬುದೇ ಹಾರಿಹೋಗುತ್ತದೆ.

ಮರುಪ್ರಸಾರದ ತೊಡಕೂ ಇದೆ. ತಜ್ಞರು ‘ಅದಕ್ಕೂ ಹಿಂದಿನ ಎಸೆತ ನೋಡಿ’ ಎಂದಾಗ ರೀಪ್ಲೇ ಯಂತ್ರದ ಮುಂದೆ ಕೂತವರು ಎರಡು ಮೂರು ಸೆಕೆಂಡಿನಲ್ಲಿ ಅದನ್ನು ಎತ್ತಬೇಕು. ಅವರಿಗೆ ಕನ್ನಡ ಬಾರದಿದ್ದರೆ ನಿರ್ದೇಶಕರು ಅನುವಾದಿಸಿ ಹೇಳುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಇನ್ನು ತೆರೆಯ ಮೇಲಿನ ಅಕ್ಷರ. ‘ಸ್ಟ್ರೈಕ್ ರೇಟ್’ ಎಂದು ಕನ್ನಡದಲ್ಲಿ ಬರೆದರೆ ಒತ್ತಕ್ಷರದ ಮೇಲೆ ಒತ್ತಕ್ಷರ ಬಂದು ಪಟ್ಟಿಯ ಕೆಳಗೆ ಇಳಿಯುತ್ತದೆ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಕತ್ತರಿಸಿದ ಪಟ್ಟಿಯಲ್ಲಿ ಅದರ ಕಾಲು ಕತ್ತರಿಸಿಹೋಗುತ್ತದೆ. ಗ್ರಾಫಿಕ್ಸ್ ತಂತ್ರಾಂಶ ಕನ್ನಡದ ಯೂನಿಕೋಡನ್ನು ಸರಿಯಾಗಿ ಜೋಡಿಸದಿದ್ದರೆ ಒತ್ತು ಪಕ್ಕಕ್ಕೆ ಜಾರಿ ನಿಲ್ಲುತ್ತದೆ. ಕನ್ನಡಕ್ಕೆಂದೇ ಅಳತೆ ಹಾಕಿ ಪಟ್ಟಿ ಕಟ್ಟುವುದಕ್ಕೆ ಖರ್ಚಿದೆ, ಬಜೆಟ್ ಇಳಿದಾಗ ಮೊದಲು ಬಿಡುವುದು ಇಂಥ ಕೆಲಸವನ್ನೇ.

ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಇನ್ನೊಂದು ಸುಳಿ ಇದೆ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ತೆಲುಗು ಮನೆಮಾತು, ಕೆಜಿಎಫ್‌ನಲ್ಲಿ ತಮಿಳು. ತಮಿಳು ಚಾನೆಲ್ 2017ರಲ್ಲೂ ತೆಲುಗಿನದು 2018ರಲ್ಲೂ ಬಂದಿದ್ದವು. ವೀಕ್ಷಣೆಯ ಲೆಕ್ಕ ಹಾಕುವ ಬಾರ್ಕ್ ಮಾದರಿ ಮನೆಗಳಲ್ಲಿ ಮೀಟರ್ ಇಡುತ್ತದೆ. ಚಾನೆಲ್‌ನ ಧ್ವನಿಯೊಳಗೆ ಅಡಗಿಸಿಟ್ಟ ಗುರುತನ್ನು ಹಿಡಿದು ಯಾವ ಚಾನೆಲ್ ಓಡುತ್ತಿದೆ ಎಂದು ತಿಳಿಯುತ್ತದೆ. ಶಾಲೆಯಲ್ಲಿ ಕನ್ನಡ ಓದಿ, ಮನೆಯಲ್ಲಿ ತೆಲುಗು ಆಡುವ ಕುಟುಂಬ ತೆಲುಗು ಫೀಡ್ ಹಾಕಿದರೆ ಆ ಎಣಿಕೆ ಕನ್ನಡ ಸ್ಟುಡಿಯೋಗೆ ಸೇರುವುದಿಲ್ಲ. ಗಡಿಯ ತಾಲ್ಲೂಕುಗಳಲ್ಲಿ ಕನ್ನಡದ ಮಾತುಕತೆಗೆ ಎದುರಾಳಿ ಹಿಂದಿಯಲ್ಲ, ಅಕ್ಕಪಕ್ಕದ ಭಾಷೆಗಳು.

ಇಪ್ಪತ್ತು ನಿಮಿಷದ ಲೆಕ್ಕ

ಟಿ20ಯಲ್ಲಿ ಒಂದು ಇನಿಂಗ್ಸ್‌ಗೆ ಓವರ್ ನಡುವಿನ ಬಿಡುವು 19. ಈಗ ಅಂತರರಾಷ್ಟ್ರೀಯ ಏಕದಿನ ಮತ್ತು ಟಿ20 ಪಂದ್ಯಗಳಲ್ಲಿ ಸ್ಟಾಪ್ ಕ್ಲಾಕ್ ಇದೆ, ಓವರ್ ಮುಗಿದ 60 ಸೆಕೆಂಡಿನೊಳಗೆ ಮುಂದಿನ ಓವರ್‌ಗೆ ಸಿದ್ಧರಾಗಬೇಕು. ಎರಡು ಎಚ್ಚರಿಕೆಯ ನಂತರವೂ ತಡವಾದರೆ ಪ್ರತಿ ಸಲಕ್ಕೆ ಐದು ರನ್ ದಂಡ. ಆಟಕ್ಕೆ ಇದು ಒಳ್ಳೆಯದು, ಚಾನೆಲ್‌ಗೆ ಬಿಗಿ. ಬಿಡುವಿಗೆ 40 ಸೆಕೆಂಡಿನಂತೆ ಹಾಕಿದರೂ 19 ಬಿಡುವಿಗೆ 12 ನಿಮಿಷ 40 ಸೆಕೆಂಡ್ ಆಯಿತು.

ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಕೂಡದು ಎಂಬ ನಿಯಮವೂ ಇದೆ, ಅದರಲ್ಲಿ ಎರಡು ನಿಮಿಷ ಚಾನೆಲ್ ತನ್ನ ಕಾರ್ಯಕ್ರಮಗಳ ಪ್ರಚಾರಕ್ಕೆ. ಈ ಮಿತಿಯ ವಿರುದ್ಧ ಚಾನೆಲ್‌ಗಳು ಹಿಂದೆಯೇ ಕೋರ್ಟ್ ಮೆಟ್ಟಿಲು ಹತ್ತಿವೆ. ನಿಯಮ ಹಾಗಿರಲಿ, ಓವರ್ ನಡುವೆ ಹಿಡಿಸದ್ದೆಲ್ಲ ಬಂದು ಬೀಳುವುದು 20 ನಿಮಿಷದ ಇನಿಂಗ್ಸ್ ಬಿಡುವಿಗೆ. ಅಲ್ಲಿ ಎಂಟು ನಿಮಿಷ ಜಾಹೀರಾತು, ಎರಡು ನಿಮಿಷ ಪ್ರೋಮೋ ಹೋದರೆ ಮಾತಿಗೆ ಹತ್ತು ನಿಮಿಷ. ಮೂವರು ತಜ್ಞರು, ಒಬ್ಬ ನಿರೂಪಕ. ತಲೆಗೆ ಎರಡೂವರೆ ನಿಮಿಷ, ಅದರಲ್ಲೂ ಪ್ರಾಯೋಜಕರ ಹೆಸರು ಹೊತ್ತ ತುಣುಕುಗಳು. ತಜ್ಞರು ಯಾವಾಗಲೂ ಮೇಲುಮೇಲಿನ ಮಾತೇ ಆಡುತ್ತಾರೆ ಎಂದು ದೂರುವವರು ಈ ಗಣಿತ ನೋಡಬೇಕು.

ಆದ್ದರಿಂದ ಪಂದ್ಯದ ಮುಂಚಿನ ಕಾರ್ಯಕ್ರಮವೇ ನಿಜವಾದ ಟಾಕ್ ಶೋ. ಅಲ್ಲಿ ಹೊತ್ತಿದೆ. ಅದರ ಪ್ರಾಯೋಜಕರಾಗಿ ಹಲವು ವರ್ಷ ಮುಂದಿನ ಸಾಲಿನಲ್ಲಿ ನಿಂತವರು ಫ್ಯಾಂಟಸಿ ಆಟದ, ಅಂದರೆ ಹಣ ಕಟ್ಟಿ ಆ್ಯಪ್‌ನಲ್ಲಿ ಆಟಗಾರರನ್ನು ಆರಿಸಿ ಆಡುವ ಆಟದ, ಕಂಪನಿಗಳು. ‘ಇವತ್ತು ನಿಮ್ಮ ಕ್ಯಾಪ್ಟನ್ ಯಾರು’ ಎಂದು ತಜ್ಞರನ್ನು ಕೇಳುವ ಭಾಗ ವಿಶ್ಲೇಷಣೆಯಂತೆ ಕಾಣುತ್ತಿತ್ತು, ನಿಜದಲ್ಲಿ ಆ್ಯಪ್‌ನಲ್ಲಿ ತಂಡ ಕಟ್ಟಲು ಕೊಟ್ಟ ಕರೆ ಅದು.

ದುಡ್ಡು ಎಲ್ಲಿಂದ ಬರುತ್ತಿತ್ತು, ಎಲ್ಲಿ ನಿಂತಿತು

2023ರಿಂದ 2027ರ ಐಪಿಎಲ್ ಹಕ್ಕುಗಳು ಒಟ್ಟು 48,390 ಕೋಟಿಗೆ ಹೋದವು. ಟಿವಿ ಹಕ್ಕಿಗೆ ಡಿಸ್ನಿ ಸ್ಟಾರ್ 23,575 ಕೋಟಿ ಕೊಟ್ಟಿತು, ಪಂದ್ಯಕ್ಕೆ 57.5 ಕೋಟಿ. ಡಿಜಿಟಲ್ ಹಕ್ಕು ವಯಾಕಾಮ್18 ಪಾಲಾಯಿತು. ಅದು ತನ್ನ ಜಿಯೋಸಿನಿಮಾ ಆ್ಯಪ್‌ನಲ್ಲಿ ಪುಕ್ಕಟೆ ಕೊಟ್ಟು, ಹನ್ನೆರಡು ಭಾಷೆಯಲ್ಲಿ ಕಾಮೆಂಟರಿ ಹಾಕಿತು. ಆ ಎರಡು ಋತುಗಳಲ್ಲಿ ಒಂದೇ ಪಂದ್ಯಕ್ಕೆ ಟಿವಿಯಲ್ಲೊಂದು, ಫೋನಿನಲ್ಲೊಂದು, ಎರಡು ಕನ್ನಡ ತಂಡ ಮಾತಾಡುತ್ತಿದ್ದವು. ಪೈಪೋಟಿಯಿಂದ ಕನ್ನಡದ ದನಿಗಳಿಗೆ ಬೆಲೆ ಬಂತು.

2024ರ ನವೆಂಬರಿನಲ್ಲಿ ಎರಡೂ ಕಂಪನಿ ವಿಲೀನವಾಗಿ ಜಿಯೋಸ್ಟಾರ್ ಆಯಿತು, 2025ರ ಫೆಬ್ರುವರಿಯಲ್ಲಿ ಎರಡು ಆ್ಯಪ್ ಸೇರಿ ಜಿಯೋಹಾಟ್‌ಸ್ಟಾರ್. ಎರಡು ಬಿಡ್ಡುಗಳ ಹೊರೆ ಈಗ ಒಂದೇ ಹೆಗಲ ಮೇಲೆ. ಪುಕ್ಕಟೆ ಹಂಚಿ ಎದುರಾಳಿಯನ್ನು ಮಣಿಸುವ ಅಗತ್ಯ ತೀರಿತ್ತು, ಎದುರಾಳಿಯೇ ಇರಲಿಲ್ಲ. ಆದ್ದರಿಂದ ಫೋನಿಗೆ ಮೂರು ತಿಂಗಳಿಗೆ 149 ರೂಪಾಯಿಯಿಂದ ಶುರುವಾಗುವ ಪ್ಲಾನ್ ಬಂತು. ಜಿಯೋ ಸಿಮ್ಮಿಗೆ 299 ಅಥವಾ ಮೇಲಿನ ರೀಚಾರ್ಜ್ ಮಾಡಿಸಿದವರಿಗೆ ಆ ವರ್ಷದ ಐಪಿಎಲ್ ಹೊತ್ತಿಗೆ 90 ದಿನ ಸೇರಿಸಿ ಕೊಟ್ಟರು. ಪುಕ್ಕಟೆ ಎನಿಸಿದ್ದು ರೀಚಾರ್ಜ್‌ನೊಳಗೆ ಸೇರಿಕೊಂಡಿತು.

ಇದರ ಮೇಲೆ ಬಿದ್ದದ್ದು 2025ರ ಆಗಸ್ಟಿನ ಆನ್‌ಲೈನ್ ಗೇಮಿಂಗ್ ಕಾಯಿದೆ. ಹಣ ಕಟ್ಟಿ ಆಡುವ ಆಟಗಳನ್ನು ನಡೆಸುವುದಕ್ಕೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಹಾಕಿದರೂ ಎರಡು ವರ್ಷದವರೆಗೆ ಸೆರೆ, 50 ಲಕ್ಷದವರೆಗೆ ದಂಡ. ಮೂರು ವರ್ಷಕ್ಕೆ 358 ಕೋಟಿಯ ಒಪ್ಪಂದದಲ್ಲಿ ಅಂಗಿಯ ಮೇಲೆ ಹೆಸರು ಹಾಕಿಸಿಕೊಂಡಿದ್ದ ಫ್ಯಾಂಟಸಿ ಕಂಪನಿ ಡ್ರೀಮ್11 ಹೊರನಡೆಯಿತು. ಕರ್ನಾಟಕ ಹೈಕೋರ್ಟ್ ಸೇರಿ ಹಲವೆಡೆ ಹೂಡಿದ್ದ ತಕರಾರು ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿತು.

ಸರ್ಕಾರದ ವಾದ ಸಾಲ, ಆತ್ಮಹತ್ಯೆ, ಹಾಳಾದ ಮನೆಗಳದ್ದು. ಅದನ್ನು ಅಲ್ಲಗಳೆಯುವುದು ಕಷ್ಟ. ಇದು ಕೌಶಲದ ಆಟ, ಜೂಜಲ್ಲ ಎಂಬುದು ಕಂಪನಿಗಳ ವಾದ. ಚಾನೆಲ್‌ಗಳು ಈ ಜಗಳದಲ್ಲಿ ಬಾಯಿ ಬಿಡುವುದಿಲ್ಲ, ಪೆಟ್ಟು ಮಾತ್ರ ಅವರಿಗೂ ಬಿದ್ದಿದೆ. 2024ರಿಂದ 2027ರವರೆಗಿನ ಐಸಿಸಿ ಹಕ್ಕಿಗೆ ಸ್ಟಾರ್ ಒಪ್ಪಿಕೊಂಡ ಮೊತ್ತ ಸುಮಾರು 300 ಕೋಟಿ ಡಾಲರ್ ಎನ್ನಲಾಗಿತ್ತು. ಅದರ ಟಿವಿ ಭಾಗವನ್ನು ಕೊಳ್ಳಬೇಕಿದ್ದ ಝೀ 2024ರಲ್ಲಿ ಹಿಂದೆ ಸರಿಯಿತು. ಹೊರೆ ಹಂಚಿಕೊಳ್ಳುವವರು ಇಲ್ಲ, ದೊಡ್ಡ ಜಾಹೀರಾತುದಾರರೂ ಇಲ್ಲ. ಜಿಯೋಸ್ಟಾರ್ ಹೊರಗೆ ಹೋಗುತ್ತದಂತೆ ಎಂಬ ಡಿಸೆಂಬರಿನ ವರದಿಯನ್ನು ಈ ಹಿನ್ನೆಲೆಯಲ್ಲಿ ಓದಬೇಕು.

ಮುಂದೆ ಏನಾಗಬಹುದು

ಪಂದ್ಯ ನಿಲ್ಲುವುದಿಲ್ಲ. ಕೊಟ್ಟ ದುಡ್ಡು ಪಂದ್ಯಕ್ಕೆ, ಅದನ್ನು ತೋರಿಸಲೇಬೇಕು. ಕತ್ತರಿ ಬೀಳುವುದು ಸುತ್ತಲ ಮಾತಿಗೆ, ಅದರಲ್ಲೂ ಪ್ರಾದೇಶಿಕ ಭಾಷೆಯ ಮಾತಿಗೆ. ಮೊದಲು ಮುಂಚಿನ ಕಾರ್ಯಕ್ರಮ ಚಿಕ್ಕದಾಗುತ್ತದೆ. ಆಮೇಲೆ ಹಿಂದಿ ಸ್ಟುಡಿಯೋದ ಭಾಗವನ್ನು ಕನ್ನಡಕ್ಕೆ ಡಬ್ ಮಾಡಿ ಹಾಕುವುದು ಶುರುವಾಗಬಹುದು. ಟಿವಿಗೂ ಫೋನಿಗೂ ಒಂದೇ ತಂಡ ಸಾಕು ಎಂಬುದು ಮೂರನೆಯದು. ಫೋನಿನಲ್ಲಿ ಎಷ್ಟು ಮಂದಿ ಕನ್ನಡ ಆರಿಸಿದರು ಎಂಬುದು ಕಂಪನಿಗೆ ತಲೆ ಎಣಿಸಿದಷ್ಟು ಖಚಿತವಾಗಿ ಗೊತ್ತಾಗುತ್ತದೆ, ಬಾರ್ಕ್‌ನಂತೆ ಮಾದರಿ ಲೆಕ್ಕವಲ್ಲ. ಆ ಅಂಕಿ ಕೈಕೊಟ್ಟರೆ ವಾದಕ್ಕೆ ಜಾಗವಿಲ್ಲ.

ಸದ್ಯಕ್ಕೆ ಮನೆಯಲ್ಲಿ ನೋಡಿಕೊಳ್ಳಬೇಕಾದದ್ದು ಸ್ವಲ್ಪವೇ. ಕೇಬಲ್ ಬಾಕ್ಸಿನಲ್ಲಿ ಭಾರತದ ಪಂದ್ಯ ಬೇಕಿದ್ದರೆ ಡಿಡಿ ಸ್ಪೋರ್ಟ್ಸ್ ನೆಚ್ಚಿಕೊಳ್ಳಬೇಡಿ. ನಿಮ್ಮ ಪ್ಯಾಕ್‌ನಲ್ಲಿ ಹಕ್ಕುದಾರ ಚಾನೆಲ್‌ನ ಕನ್ನಡ ಆವೃತ್ತಿ ಇದೆಯೇ, ಇಲ್ಲಾ ತೆಲುಗಿನದೋ ಹಿಂದಿಯದೋ ಸೇರಿಕೊಂಡಿದೆಯೇ ಎಂದು ಕೇಬಲ್‌ನವರನ್ನು ಕೇಳಿ. ಬೇಡದ್ದನ್ನು ತೆಗೆಸಿ ಬೇಕಾದದ್ದನ್ನು ಬಿಡಿಯಾಗಿ ಹಾಕಿಸಿಕೊಳ್ಳುವ ಹಕ್ಕು 2019ರಿಂದಲೂ ಇದೆ. ಫ್ರೀ ಡಿಶ್ ಇರುವವರು ಐಪಿಎಲ್ ಆ ಕಡ್ಡಾಯ ಪಟ್ಟಿಯಲ್ಲಿ ಇಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಹಳೇ ಬಗೆಯ ಎಂಪೆಗ್-2 ಬಾಕ್ಸಿಗೆ ಹೊಸ ಬಗೆಯ ಎಂಪೆಗ್-4 ಸಿಗ್ನಲ್ಲಿನ ಚಾನೆಲ್‌ಗಳು ಸಿಗುವುದಿಲ್ಲ, ಎಷ್ಟು ಸಲ ಟ್ಯೂನ್ ಮಾಡಿದರೂ ಅಷ್ಟೇ.

ಐಪಿಎಲ್ ಮತ್ತು ಐಸಿಸಿ ಹಕ್ಕು ಎರಡೂ 2027ಕ್ಕೆ ಮುಗಿಯುತ್ತವೆ. 88 ಪಂದ್ಯಕ್ಕೆ 5,963 ಕೋಟಿ ಕೊಟ್ಟು ಕೊಂಡ ಭಾರತದ ತವರಿನ ಪಂದ್ಯಗಳ ಹಕ್ಕು 2028ರ ಮಾರ್ಚಿಗೆ. ಟೆಂಡರಿನಲ್ಲಿ ಟಿವಿ ಮತ್ತು ಡಿಜಿಟಲ್ ಹಕ್ಕನ್ನು ಬೇರೆ ಬೇರೆ ಮಾರಿ, ಕೊಳ್ಳಲು ಇಬ್ಬರು ಬಂದರೆ ಕನ್ನಡಕ್ಕೆ ಮತ್ತೆ ಎರಡು ಸ್ಟುಡಿಯೋ. ಒಬ್ಬರೇ ಬಂದರೆ ಬೆಲೆ ಇಳಿಯುತ್ತದೆ, ಭಾರತೀಯ ಕ್ರಿಕೆಟ್ ಮಂಡಳಿಗೆ ಬರುವ ಹಣ ಕಡಿಮೆಯಾಗುತ್ತದೆ, ರಾಜ್ಯ ಸಂಸ್ಥೆಗಳಿಗೆ ಅದು ಹಂಚುವ ಪಾಲೂ ಅದರ ಜೊತೆಗೇ.